ಹಾಲಿನ ಕೊಟ್ಟಿಗೆಗೆ ಸುಣ್ಣ ಬಳಿದದ್ದು

ದನಗಳೇ ಇಲ್ಲದ ಕೊಟ್ಟಿಗೆಯ ಗೋಡೆಗೆ ಕೆನ್ನೆ ಒತ್ತಿ ನಿಂತ ಹೆಂಗಸನ್ನು ನಾನು ಅದುವರೆಗೆ ಎಲ್ಲೂ ಕಂಡಿರಲಿಲ್ಲ. ವಯಸ್ಸು ಎಂಬತ್ತರ ಸುಮಾರು. ಚರ್ಚಿಗೆ ಹೊರಟವರಂತೆ ತಲೆಯ ಮೇಲೆ ನೇರಳೆ ಬಣ್ಣದ ದೊಡ್ಡ ಟೋಪಿ, ಕೈಗೆ ಬಿಳಿ ಗ್ಲೌಸು. ಒಂದು ಗ್ಲೌಸನ್ನು ಬಿಚ್ಚಿ ಇಟ್ಟಿಗೆಗಳನ್ನು ಸವರುತ್ತ ಅವರು ಏನೋ ಹೇಳುತ್ತಿದ್ದರು, ಹಿಂದೆ ನಿಂತ ಹೊಸ ವಿದ್ಯಾರ್ಥಿಗಳು ಫೋನು ಜೇಬಿಗಿಟ್ಟು ಕೇಳುತ್ತಿದ್ದರು. ನಾನು ಕೆಲಸಕ್ಕೆ ಸೇರಿ ಆಗಿನ್ನೂ ವಾರವೂ ಆಗಿರಲಿಲ್ಲ. ಇದೆಂಥ ಊರಪ್ಪ, ಕೊಟ್ಟಿಗೆಯನ್ನೇ ಇಗರ್ಜಿ ಮಾಡಿಕೊಂಡಿದ್ದಾರಲ್ಲ ಅಂದುಕೊಂಡೆ.

ಪುತ್ತೂರಿನಿಂದ ಇನ್ನೂ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ ಕೃಷಿ ಮತ್ತು ತಾಂತ್ರಿಕ ಕಾಲೇಜಿನಲ್ಲಿ ಟಿಲ್ಲರು, ಪಂಪು, ಟ್ರ್ಯಾಕ್ಟರುಗಳ ಪಾಠ ಹೇಳುತ್ತಿದ್ದವನು ನಾನು. ಸೇರುವ ಮಕ್ಕಳು ಕಡಿಮೆಯಾಗಿ ಕಾಲೇಜು ಮುಚ್ಚಿತು. ಅದೇ ಹೊತ್ತಿಗೆ ನರ್ಸ್ ಆಗಿದ್ದ ನನ್ನ ಹೆಂಡತಿ ಐರಿನ್‌ಗೆ ಅಮೆರಿಕದ ಶಾರ್ಲೆಟ್ ನಗರದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಕೊರೊನಾ ಕಾಲ, ನರ್ಸುಗಳನ್ನು ಕೈಬೀಸಿ ಕರೆಯುತ್ತಿದ್ದರು. ಅವಳ ಸೆರಗು ಹಿಡಿದುಕೊಂಡು ನಾನೂ ಬಂದೆ.

ಮನೆ ಮಾಡಿದ್ದು ಫೋರ್ಟ್ ಮಿಲ್‌ನಲ್ಲಿ. ರಾಜ್ಯದ ಗಡಿ ದಾಟಿದರೆ ಶಾರ್ಲೆಟ್, ಆದ್ದರಿಂದ ಬೆಳಿಗ್ಗೆ ಊರಿಗೆ ಊರೇ ಕಾರು ಹತ್ತಿ ಉತ್ತರಕ್ಕೆ ಹೋಗುತ್ತದೆ. ಉಳಿಯುವವರು ನನ್ನಂಥ ನಿರುದ್ಯೋಗಿಗಳು ಮತ್ತು ನಾಯಿಗಳು. ನಮ್ಮೂರಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಮೀನಿನವನ ಹಾರನ್ನು, ಪಕ್ಕದ ಮನೆಯ ರೇಡಿಯೋ, ಯಾರದೋ ಕೆಮ್ಮು. ಇಲ್ಲಿ ಬಾಗಿಲು ತೆಗೆದರೆ ಹುಲ್ಲು. ಆ ಹುಲ್ಲಿಗೂ ಒಂದು ಸಂಘವಿದೆ. ‘ಎಚ್‌ಓಎ’ ಅನ್ನುತ್ತಾರೆ, ಮನೆಮಾಲೀಕರ ಕೂಟ. ಬೇಲಿಗೆ ಬಸಳೆ ಹಬ್ಬಿಸಿದ್ದಕ್ಕೆ ಅವರಿಂದ ಎಚ್ಚರಿಕೆ ಬಂತು. ಕಿತ್ತು ಸಾರು ಮಾಡಿದೆ, ಇನ್ನೇನು ಮಾಡುವುದು?

ಹಾಗಾಗಿ ದಕ್ಷಿಣಕ್ಕಿರುವ ಒಂದು ಹಳ್ಳಿ ಕಾಲೇಜಿನಲ್ಲಿ ತೋಟದ ಯಂತ್ರಗಳನ್ನು ರಿಪೇರಿ ಮಾಡುವವರು ಬೇಕು ಎಂದು ತಿಳಿದಾಗ ಓಡಿದೆ. ಪಕ್ಕದ ಮನೆಯ ಮೈಸೂರಿನ ಹುಡುಗಿ ಮರುಗಿದಳು. “ಅಷ್ಟು ದೂರ ಯಾಕೆ ಡ್ರೈವ್ ಮಾಡ್ತೀರಾ ಅಂಕಲ್? ಶಾರ್ಲೆಟ್‌ನಲ್ಲೇ ಏನಾದ್ರೂ ಅಪ್ಲೈ ಮಾಡಿ.” ಆ ಕಾಲೇಜಿನ ಹೆಸರಲ್ಲೂ ಕೃಷಿ ಮತ್ತು ತಾಂತ್ರಿಕ ಎಂದಿರುವುದನ್ನು ಕೇಳಿಯೇ ನನ್ನ ಕಾಲು ನಿಲ್ಲದಾದದ್ದು ಅವಳಿಗೆ ಹೇಗೆ ಗೊತ್ತಾಗಬೇಕು.

ಗೋಡೆ ಸವರಿದ ಆ ಹಿರಿಯರು ಮಿಸ್ ಲೊರೀನ್. ಅದೇ ಕಾಲೇಜಿನಲ್ಲಿ ಓದಿ, ಅಲ್ಲೇ ಮಣ್ಣಿನ ಪಾಠ ಹೇಳಿ ನಿವೃತ್ತರಾದವರು. ಈಗ ಕಾಲೇಜಿನ ಚರಿತ್ರೆಯೆಂದರೆ ಅವರೇ. ಹೊಸಬರು ಯಾರು ಬಂದರೂ ಸುತ್ತಾಡಿಸಿ ಕಥೆ ಹೇಳುತ್ತಾರೆ. ನನ್ನ ಉದ್ದ ಹೆಸರನ್ನು ಮೊದಲ ದಿನವೇ ‘ವ್ಯಾಲ್’ ಎಂದು ಕತ್ತರಿಸಿಕೊಂಡರು. ಕಪ್ಪು ಜನರಿಗೆ ರಾಜ್ಯದ ಬೇರೆ ಕಾಲೇಜುಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ಇದನ್ನು ಕಟ್ಟಿದರಂತೆ. ದುಡ್ಡಿಲ್ಲ, ಮೇಸ್ತ್ರಿಯಿಲ್ಲ. ವಿದ್ಯಾರ್ಥಿಗಳು ಬೆಳಿಗ್ಗೆ ಪಾಠ ಕಲಿತು, ಮಧ್ಯಾಹ್ನ ಹೊಳೆಯ ಬದಿಯ ಜೇಡಿಮಣ್ಣು ತುಳಿದು ಇಟ್ಟಿಗೆ ಸುಟ್ಟರಂತೆ. ಮೊದಲು ಎದ್ದದ್ದು ಹಾಲಿನ ಕೊಟ್ಟಿಗೆ, ಆಮೇಲೆ ತರಗತಿ. ಇಷ್ಟು ಕೇಳುವಾಗಲೇ ನನ್ನ ಹೊಟ್ಟೆಯಲ್ಲಿ ಉರಿ ಎದ್ದಿತು. ಮುಂದಿನದನ್ನು ಕೇಳದೆ, ಟ್ರ್ಯಾಕ್ಟರಿಗೆ ಆಯಿಲ್ ಹಾಕಲಿಕ್ಕಿದೆ ಎಂದು ಅರ್ಧದಲ್ಲೇ ಎದ್ದುಹೋದೆ.

ಯಾಕೆ ಉರಿಯಬಾರದು? ನಮ್ಮ ಕಾಲೇಜನ್ನೂ ಮಕ್ಕಳೇ ಕಟ್ಟಿದ್ದು. ಹೈಸ್ಕೂಲಿನ ಹೆಡ್‌ಮಾಸ್ತರರೊಬ್ಬರು ಮನೆಮನೆ ತಿರುಗಿ ಭತ್ತ, ತೆಂಗಿನಕಾಯಿ ಎತ್ತಿ ಶುರುಮಾಡಿದ್ದು. ಮೊದಲ ತಂಡದ ಹುಡುಗರು ಗುಡ್ಡ ಕಡಿದು ಮುರಕಲ್ಲು ತೆಗೆದು ಹೊತ್ತು ತಂದದ್ದು. ನಮಗೂ ಹಾಲಿನ ಕೊಟ್ಟಿಗೆ ಇತ್ತು, ಬೇಸಿಗೆಯಲ್ಲೂ ಅದರ ಒಳಗೆ ತಂಪು. ಆದರೆ ಆ ಹುಡುಗರ ಹೆಸರು ಕೇಳಿದರೆ ನನಗೇ ಗೊತ್ತಿಲ್ಲ. ಇಲ್ಲಿ ಲೈಬ್ರರಿಯ ಒಂದು ಕೋಣೆ ತುಂಬ ಫೋಟೋ, ಫೋಟೋದ ಅಡಿಯಲ್ಲಿ ಹೆಸರು, ಅಡುಗೆಯವಳ ಹೆಸರು ಕೂಡ. ನಮ್ಮಲ್ಲಿ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿದೆ. ದಿನಾ ಬೆಳಿಗ್ಗೆ ಗುಲಾಬಿ ಹೂವು ಬರುತ್ತದೆ. ಒಮ್ಮೆ ಮಾತ್ರ ಫೋಟೋ ಬಂತು: ಕಾಲೇಜಿನ ಜಾಗದಲ್ಲಿ ಕಲ್ಯಾಣಮಂಟಪ, ಕೊಟ್ಟಿಗೆ ಕೆಡವಿದ ಕಡೆ ಪಾರ್ಕಿಂಗ್. ಕೆಳಗೆ ಒಬ್ಬ ‘ಸೂಪರ್’ ಎಂದು ಬರೆದಿದ್ದ. ಅದರ ಮೇಲೆ ಮತ್ತೆ ಗುಲಾಬಿ.

ಶರತ್ಕಾಲದಲ್ಲಿ ಇಲ್ಲಿ ‘ಹೋಮ್‌ಕಮಿಂಗ್’ ನಡೆಯುತ್ತದೆ. ಹಳೆ ವಿದ್ಯಾರ್ಥಿಗಳು ತವರಿಗೆ ಬಂದ ಹಾಗೆ ಕಾಲೇಜಿಗೆ ಬರುವ ಹಬ್ಬ. ಅಟ್ಲಾಂಟಾ, ವಾಷಿಂಗ್ಟನ್ ಕಡೆಯಿಂದೆಲ್ಲ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಕೊಟ್ಟಿಗೆಯ ಮುಂದೆ ನಿಂತು ಮಿಸ್ ಲೊರೀನ್ ತಂಡಗಳ ಹಾಜರಿ ಕರೆಯುತ್ತಾರೆ. ಅವರವರ ವರ್ಷ ಬಂದಾಗ ಅವರವರು ಓಗೊಡಬೇಕು. ಯಾವ ತಂಡದಲ್ಲಿ ಯಾರೂ ಬದುಕಿಲ್ಲವೋ, ಆ ತಂಡದ ಪರವಾಗಿ ಸೇರಿದವರೆಲ್ಲ ಒಟ್ಟಿಗೆ ಓಗೊಡುತ್ತಾರೆ. ಸತ್ತವರನ್ನೂ ಗೈರುಹಾಜರಿ ಮಾಡದ ಜನ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. “ನಿಮಗೆ ಅವರ ಮೇಲೆ ಯಾಕಿಷ್ಟು ಹೊಟ್ಟೆಕಿಚ್ಚು?” ಎಂದು ಐರಿನ್ ಕೇಳಿದಳು. ಪ್ರೀತಿ ಹೆಚ್ಚಾಗಿ ಎಂದೆ. ಅವಳು ಡ್ಯೂಟಿಗೆ ಹೋದಳು.

ಹೋಮ್‌ಕಮಿಂಗಿನ ಹಿಂದಿನ ದಿನ ತೋಟದ ಮೇಲ್ವಿಚಾರಕ, ಕೊಟ್ಟಿಗೆಯ ಸುತ್ತ ಸ್ವಲ್ಪ ಚೊಕ್ಕ ಮಾಡು ಎಂದು ಹೇಳಿ ಪೇಟೆಗೆ ಹೋದ. ಊರಲ್ಲಿ ದೈವಸ್ಥಾನವಿರಲಿ, ಇಗರ್ಜಿಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಚೊಕ್ಕ ಮಾಡುವುದೆಂದರೆ ಮೊದಲು ಸುಣ್ಣ. ಸುಣ್ಣ ಬಳಿಯದ ಗೋಡೆಯ ಎದುರು ಹಬ್ಬ ಮಾಡಿದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಉಗ್ರಾಣದಲ್ಲಿ ಸುಣ್ಣದ ಚೀಲಗಳಿದ್ದವು. ಬಟ್ಟೆಗೆಂದು ಕೊಂಡು ಕಾರಿನಲ್ಲೇ ಉಳಿದಿದ್ದ ನೀಲಿಯನ್ನು ಚಿಟಿಕೆ ಬೆರೆಸಿದೆ, ಬಿಳಿ ಕಣ್ಣಿಗೆ ಹೊಡೆಯಬಾರದಲ್ಲ. ನಿಜ ಹೇಳುತ್ತೇನೆ, ಬಳಿಯುವಾಗ ಹೊಟ್ಟೆಯ ಉರಿ ಸ್ವಲ್ಪ ಆರಿತು. ಇವರ ಚರಿತ್ರೆಯಲ್ಲಿ ನನ್ನ ಕೈಯದ್ದೂ ಒಂದು ಕೋಟು ಇರಲಿ ಎಂಬ ಆಸೆ. ಮಧ್ಯಾಹ್ನದ ಹೊತ್ತಿಗೆ ಎದುರಿನ ಗೋಡೆ ಹಾಲಿನ ಹಾಗೆ ಬೆಳಗುತ್ತಿತ್ತು.

ಆಗ ಮಿಸ್ ಲೊರೀನ್ ಬಂದರು. ಕಾರಿನ ಬಾಗಿಲು ತೆರೆದವರು ಹಾಗೆಯೇ ನಿಂತರು. ಹೊಗಳುತ್ತಾರೆ ಎಂದು ಬ್ರಷ್ ಹಿಡಿದು ಕಾದೆ. ಇಲ್ಲಿನವರು ಬೈಯುವುದಕ್ಕೆ ‘ಫಸ್’ ಎನ್ನುತ್ತಾರೆ. ಅಂಥ ಫಸ್ ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ನನ್ನ ಕಣ್ಣಿಗೆ ಏನಾಗಿದೆ, ಯಾರನ್ನು ಕೇಳಿ ಮುಟ್ಟಿದೆ, ತಲೆಯಲ್ಲಿ ಇರುವುದು ಮಿದುಳೋ ಗ್ರೀಸೋ ಎಂದು ಒಂದೇ ಸಮನೆ. ಆಮೇಲೆ ಗೋಡೆಯ ಹತ್ತಿರ ಹೋಗಿ ಬೆರಳಾಡಿಸುತ್ತ ಏನನ್ನೋ ಹುಡುಕಿದರು. ಸಿಗಲಿಲ್ಲ.

ಅಂದು ನಾನು ಅರ್ಧದಲ್ಲೇ ಎದ್ದುಹೋದ ಕಥೆಯ ಉಳಿದ ಭಾಗವನ್ನು ಹೇಳಿದವನು ಪೇಟೆಯಿಂದ ಮರಳಿ ಓಡಿಬಂದ ಮೇಲ್ವಿಚಾರಕ. ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ಎತ್ತುವಾಗ ಹುಡುಗರ ಬೆರಳು ಒತ್ತಿದ ಗುಳಿಗಳು ಆ ಗೋಡೆಯ ತುಂಬ ಇವೆ. ಬಾಗಿಲಿನ ಬಲಕ್ಕೆ ಮಿಸ್ ಲೊರೀನ್ ಅವರ ತಂದೆಯ ನಾಲ್ಕು ಬೆರಳು. ಅವರು ಚಿಕ್ಕವರಿದ್ದಾಗಲೇ ತೀರಿಕೊಂಡ ತಂದೆಯದೆಂದು ಉಳಿದಿರುವುದು ಅದೊಂದೇ. ನಾನು ಸುಣ್ಣವನ್ನು ಅಲ್ಲಿ ಎರಡು ಸಲ ಬಳಿದಿದ್ದೆ, ಬಾಗಿಲ ಬದಿ ಚೆನ್ನಾಗಿ ಕಾಣಲಿ ಎಂದು.

ನೆಲ ಬಾಯಿ ಬಿಡಲಿಲ್ಲ. ಬಕೆಟ್ ತಂದೆ. ಸುಣ್ಣ ಪೂರ್ತಿ ಹಿಡಿಯುವ ಮೊದಲು ನೀರು ಹಾಕಿ ಮೆತ್ತಗೆ ಉಜ್ಜಿದರೆ ಬಿಡುತ್ತದೆ. ನಾನು ಉಜ್ಜತೊಡಗಿದೆ. ಸ್ವಲ್ಪ ಹೊತ್ತಿಗೆ ಮಿಸ್ ಲೊರೀನ್ ಟೋಪಿ ತೆಗೆದಿಟ್ಟು, ಕುರ್ಚಿ ಎಳೆದು ಪಕ್ಕದಲ್ಲಿ ಕೂತು ತಾವೂ ಬ್ರಷ್ ಹಿಡಿದರು. ಬೈಗುಳ ನಿಂತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ. ನಮ್ಮ ಮುರಕಲ್ಲಿನ ಕೊಟ್ಟಿಗೆ, ಪಾರ್ಕಿಂಗ್, ಎಲ್ಲ ಹೇಳಿದೆ.

“ಅದನ್ನು ಕೆಡವಿದಾಗ ಯಾರು ಫಸ್ ಮಾಡಿದರು?” ಎಂದು ಕೇಳಿದರು.

ಯಾರೂ ಇಲ್ಲ ಎಂದೆ. ಒಂದು ಕೋಟು ಸುಣ್ಣಕ್ಕೆ ಇಲ್ಲಿ ಇಷ್ಟು ಬೈಗುಳ, ಇಡೀ ಕೊಟ್ಟಿಗೆ ಹೋದರೂ ಅಲ್ಲಿ ಒಂದು ಮಾತಿಲ್ಲ. ನನಗೆ ಆ ಬೈಗುಳದ ಮೇಲೆಯೇ ಹೊಟ್ಟೆಕಿಚ್ಚಾಯಿತು. ತಪ್ಪಾಯಿತು, ನಾನು ಹೊರಗಿನವನು, ಗೊತ್ತಿರಲಿಲ್ಲ ಎಂದೆ.

ಅವರು ಕೆಲಸ ನಿಲ್ಲಿಸಲಿಲ್ಲ. “ನೆಂಟರಿಗೆ ನಾವು ಫಸ್ ಮಾಡುವುದಿಲ್ಲ ಮಿಸ್ಟರ್ ವ್ಯಾಲ್. ನೆಂಟರಿಗೆ ಕೇಕು ಕೊಟ್ಟು ಕಳಿಸುತ್ತೇವೆ. ಆ ಮೂಲೆ ಉಜ್ಜು.”

ಸಂಜೆಗೆ ನಾಲ್ಕು ಗುಳಿಗಳು ಕಂಡವು. ಅವರು ತಮ್ಮ ಬೆರಳುಗಳನ್ನು ಅವುಗಳಲ್ಲಿ ಇಟ್ಟು ನೋಡಿದರು. ಮರುದಿನ ಹಾಜರಿ ಕರೆಯುವ ಮೊದಲು ನನ್ನನ್ನು ಜನರ ಮುಂದೆ ನಿಲ್ಲಿಸಿ, ನಮ್ಮ ಗೋಡೆಗೆ ಸುಣ್ಣ ಬಳಿದ ಮಹಾಶಯ ಇವನೇ ಎಂದು ತೋರಿಸಿದರು. ಜನ ಹೊಟ್ಟೆ ಹಿಡಿದು ನಕ್ಕರು. ಮುಂದಿನ ವರ್ಷವೂ ಈ ಕಥೆ ಬರುತ್ತದೆ ಎಂದು ಅಟ್ಲಾಂಟಾದ ಒಬ್ಬ ಮುದುಕ ನನ್ನ ಬೆನ್ನು ತಟ್ಟಿದ.

ಆ ಗುಂಗಿನಲ್ಲೇ ಭಾನುವಾರ ಬೆಳಿಗ್ಗೆ ಸದಾಶಿವ ಮಾಸ್ಟ್ರಿಗೆ ಫೋನ್ ಮಾಡಿದೆ. ನಮ್ಮ ಕಾಲೇಜಿನ ಕೊನೆಯ ಪ್ರಿನ್ಸಿಪಾಲರು, ಈಗಲೂ ಅದೇ ರಸ್ತೆಯಲ್ಲಿ ಮನೆ. ಸ್ಟಾಫ್ ರೂಮಿನಲ್ಲಿ ಒಂದು ಸ್ಪ್ಯಾನರಿಗೂ ನಾವಿಬ್ಬರು ಜಗಳಾಡಿದವರು. ಅವರ ಬಾಯಿಗೆ ಇಡೀ ಕಾಲೇಜು ಹೆದರುತ್ತಿತ್ತು. ಕೊಟ್ಟಿಗೆ ಕೆಡವುವಾಗ ನಿಮ್ಮ ಬಾಯಿಗೆ ಏನಾಗಿತ್ತು, ಒಂದು ಕಲ್ಲನ್ನಾದರೂ ಎತ್ತಿಡಬಾರದಿತ್ತೇ ಎಂದು ನಾನು ಬೈದೆ. ಮಿಸ್ ಲೊರೀನ್ ಅವರಿಂದ ಕಲಿತದ್ದನ್ನೆಲ್ಲ ಸುರಿದೆ. ಈಗ ತಿರುಗಿ ಬೈಯುತ್ತಾರೆ, ಊರು ಬಿಟ್ಟು ಹೋದ ನೀವು ಯಾರ್ರೀ ಕೇಳಲಿಕ್ಕೆ ಎನ್ನುತ್ತಾರೆ ಎಂದು ಕಾದೆ.

“ಹೌದು ಹೌದು, ನೀವು ಹೇಳುವುದು ಸರಿಯೇ,” ಎಂದರು, ತುಂಬ ಮರ್ಯಾದೆಯಿಂದ. “ಅಷ್ಟು ದೂರ ಕೂತು ನೀವು ಯಾಕೆ ತಲೆಬಿಸಿ ಮಾಡಿಕೊಳ್ಳುವುದು ಮಾರಾಯ್ರೆ? ಊರಿಗೆ ಬಂದಾಗ ಒಂದು ಹೊತ್ತು ನಮ್ಮಲ್ಲಿಗೆ ಊಟಕ್ಕೆ ಬನ್ನಿ. ಕೋಳಿ ಆಗ್ತದಲ್ಲ ನಿಮಗೆ?”