ಸರ್ವರ್ ಬೀಗೆ ನಾನು ಬರೆದುಕೊಟ್ಟ ಕಾಗದ

ನನ್ನ ಅಕ್ಷರ ಚೆಂದ. ಹೊಸಬಾಳೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಶಾಲೆಯ ಹೆಡ್‌ಮಾಸ್ತರ್ ಉಚ್ಚಂಗಪ್ಪನ ಕೈಯಲ್ಲಿ ಒಂದು ಕಾಗದ ಬರೆಸಿಕೊಳ್ಳಲು ಆನವಟ್ಟಿಯಿಂದಲೂ ಜನ ಬರುತ್ತಿದ್ದರು. ಆ ಅಕ್ಷರಕ್ಕಿಷ್ಟು ಬೆಂಕಿ ಬೀಳಲಿ! ಒಂದು ಹೆಣ್ಣಿನ ಸಂಸಾರ ಮುರಿದದ್ದು ಅದೇ ಅಕ್ಷರ.

ಅವಳ ಹೆಸರು ಸರ್ವರ್ ಬೀ. ಶಿಕಾರಿಪುರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಮುಕ್ತಾರ್ ಅಹಮದನ ಹೆಂಡತಿ. ಹುಟ್ಟಿದ್ದು ಇಲ್ಲೇ ಆನವಟ್ಟಿಯಲ್ಲಿ. ಆರು ವರ್ಷದವಳಿದ್ದಾಗ ಅಪ್ಪ ಅವಳನ್ನು ಕರೆದುಕೊಂಡು ಕರಾಚಿಗೆ ಹೋದ. ಆರು ವರ್ಷದ ಕೂಸನ್ನು ಬರ್ತೀಯಾ, ಇರ್ತೀಯಾ ಅಂತ ಯಾರು ಕೇಳುತ್ತಾರೆ? ಅರವತ್ಮೂರರಲ್ಲಿ ಸೋದರತ್ತೆಯ ಮಗ ಮುಕ್ತಾರನಿಗೇ ಕೊಟ್ಟು ನಿಕಾ ಮಾಡಿದರು. ಹುಟ್ಟಿದ ಸೀಮೆಗೆ ಅವಳು ಸೊಸೆಯಾಗಿ ಬಂದದ್ದು ಪಾಕಿಸ್ತಾನದ ಪಾಸ್‌ಪೋರ್ಟ್ ಹಿಡಿದುಕೊಂಡು. ಆಮೇಲೆ ವರ್ಷ ವರ್ಷವೂ ಅರ್ಜಿ ಹಾಕಿ, ವೀಸಾ ಮುಂದುವರಿಸಿಕೊಂಡು, ಗಂಡನ ಮನೆಯಲ್ಲಿ ಬಾಡಿಗೆಯವಳ ಹಾಗೆ ಇರಬೇಕಾಯಿತು. ಮಗಳು ಅಫ್ಸರ್ ಇಲ್ಲಿ ಹುಟ್ಟಿದ್ದಕ್ಕೆ ಇಲ್ಲಿಯವಳಾದಳು. ತಾಯಿ ಹುಟ್ಟಿದ್ದೂ ಇಲ್ಲೇ, ಆದರೆ ಅವಳು ಪರದೇಶದವಳು. ಇದು ಯಾವ ನ್ಯಾಯವೋ ಆ ದೇವರಿಗೇ ಗೊತ್ತು.

ಎಪ್ಪತ್ನಾಲ್ಕರಲ್ಲಿ ಮುಕ್ತಾರ್ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದ. ಇಲ್ಲಿಯ ಪ್ರಜೆಯ ಹೆಂಡತಿ ಅನ್ನುವ ಆಧಾರದ ಮೇಲೆ ಸರ್ವರ್ ಬೀಗೂ ಪೌರತ್ವ ಕೊಡಿ ಎಂದು ಅರ್ಜಿ ಹಾಕುತ್ತಿದ್ದರು. ನಿಕಾನಾಮೆ, ಮುಕ್ತಾರನ ಜನನದ ದಾಖಲೆ, ಫೋಟೊ ಎಲ್ಲ ಸೇರಿತ್ತು. ಮರ್ಯಾದಸ್ಥರಿಬ್ಬರ ಸರ್ಟಿಫಿಕೇಟ್ ಮಾತ್ರ ಬಾಕಿ.

“ಮೇಷ್ಟ್ರೇ, ಎರಡೇ ಎರಡು ಸಾಲು ಬರ್ಕೊಡ್ರೀ. ಹೆಂಗಸು ಗೊತ್ತಿರೋಳು, ಒಳ್ಳೇಳು ಅಂತ. ಅಷ್ಟೇ ಸಾಕು” ಅಂದ.

“ಎರಡು ಸಾಲು ಬರೆಯೋಕೆ ನಾನೇ ಬೇಕೇನೋ ಮಾರಾಯ? ಹೋಗು, ನಾಳೆ ಬರ್ದು ನಾನೇ ಪೋಸ್ಟ್ ಮಾಡ್ತೀನಿ.”

ಎರಡು ಸಾಲಲ್ಲ, ಎರಡು ಪುಟ ಬರೆದೆ. ನಮ್ಮ ಕಡೆ ಒಬ್ಬರನ್ನು ಒಳ್ಳೆಯವರು ಅನ್ನಬೇಕಾದರೆ ಬರೀ ಒಳ್ಳೆಯವರು ಅಂದುಬಿಟ್ಟರೆ ಯಾರೂ ನಂಬುವುದಿಲ್ಲ. ಮದುವೆಗೆ ಬಂದರು, ಸಾವಿಗೆ ಬಂದರು, ಕೆಲಸಕ್ಕೆ ಕೈ ಹಚ್ಚಿದರು ಅನ್ನಬೇಕು. ನಾನೂ ಹಾಗೇ ಬರೆದೆ. ಅರವತ್ತೆಂಟರಲ್ಲಿ ನನ್ನ ಮಗಳು ವನಜಳ ಮದುವೆಗೆ ಮುಂಚೆ ಅಂಗಳದಲ್ಲಿ ಕುಳಿ ತೋಡಿ, ಇದ್ದಬದ್ದ ತಾಮ್ರದ ಹಂಡೆ, ಕೊಪ್ಪರಿಗೆಗಳಿಗೆಲ್ಲ ಕಲಾಯಿ ಹಾಕಿಸಿದ್ದೆವು. ಮುಕ್ತಾರನ ಜೊತೆ ಸರ್ವರ್ ಬೀಯೂ ಬಂದು, ಮೂರು ದಿನ ನಮ್ಮಲ್ಲೇ ಇದ್ದು, ಬೆಂಕಿಗೆ ತಿದಿ ಒತ್ತಿದ್ದಳು. ಮಗಳನ್ನು ಕಳಿಸಿಕೊಡುವಾಗ ನನ್ನ ಹೆಂಡತಿ ಗುಡ್ಡಮ್ಮನಿಗಿಂತ ಹೆಚ್ಚು ಅತ್ತವಳು ಅವಳೇ. ಇದನ್ನೆಲ್ಲ ಬರೆದು, ಮೇಷ್ಟ್ರ ಬುದ್ಧಿ ನೋಡಿ, ಮೇ ಹನ್ನೆರಡರಿಂದ ಹದಿನಾಲ್ಕರವರೆಗೆ ಎಂದು ತಾರೀಖನ್ನೂ ಹಾಕಿದೆ. ಒಂದು ನಕಲು ಇಟ್ಟುಕೊಂಡು, ಯಾರಿಗೂ ತೋರಿಸದೆ ಲಕೋಟೆ ಅಂಟಿಸಿದೆ. ಸರ್ವರ್ ಬೀಗೆ ಒಮ್ಮೆ ಓದಿ ಹೇಳಿದ್ದರೆ, ಇದನ್ನು ಕಳಿಸಬೇಡಿ ಎಂದು ಅವಳೇ ನನ್ನನ್ನು ತಡೆಯುತ್ತಿದ್ದಳು.

ಏಕೆಂದರೆ ಅವಳ ವೀಸಾದಲ್ಲಿ ಇದ್ದದ್ದು ಶಿಕಾರಿಪುರ ಒಂದೇ. ಅಪ್ಪಣೆ ಇಲ್ಲದೆ ಆ ಊರಿನ ಗಡಿ ದಾಟಿದರೆ ಅಪರಾಧ. ನಮ್ಮ ಹೊಸಬಾಳೆ ಸೊರಬ ತಾಲ್ಲೂಕು. ಮದುವೆ ಮನೆ, ಪಕ್ಕದ ತಾಲ್ಲೂಕು, ಗಂಡನೇ ಜೊತೆಗಿದ್ದಾನೆ ಎಂದು ಅವಳು ಬಂದಿದ್ದಳು. ಬಂದದ್ದು ಸರ್ಕಾರಕ್ಕೆ ಗೊತ್ತಿರಲಿಲ್ಲ. ಗೊತ್ತು ಮಾಡಿದವನು ನಾನು.

ಎಪ್ಪತ್ತೈದರ ಕೊನೆಯಲ್ಲಿ ಶಿಕಾರಿಪುರಕ್ಕೆ ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಕರೆಸಿದ. ಎಮರ್ಜೆನ್ಸಿ ಕಾಲ. ನನ್ನ ಚೆಂದದ ಅಕ್ಷರದ ಕೆಳಗೆ ಕೆಂಪು ಗೆರೆ ಎಳೆದಿತ್ತು. ಮುಕ್ತಾರ್ ಬಾಗಿಲ ಹತ್ತಿರ ನಿಂತಿದ್ದ. ಅಧಿಕಾರಿ ಕೆಟ್ಟವನಲ್ಲ.

“ಮೇಷ್ಟ್ರೇ, ವಯಸ್ಸಾಯ್ತು, ನೆನಪು ತಪ್ಪಿರಬಹುದು. ಮದುವೆಗೆ ಬಂದಿದ್ದು ಬೇರೆ ಯಾರೋ ಹೆಂಗಸು ಅಂತ ಒಂದು ಹೇಳಿಕೆ ಕೊಟ್ಬಿಡಿ. ನಾನು ಮುಂದಕ್ಕೆ ಕಳಿಸ್ತೀನಿ” ಅಂದ.

ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, “ಸಾರ್, ನಾನು ಮೇಷ್ಟ್ರು. ಸುಳ್ಳು ಹೇಳಿ ಅಭ್ಯಾಸ ಇಲ್ಲ” ಅಂದೆ.

ಅಬ್ಬಬ್ಬಾ, ಎಂಥಾ ಘನಂದಾರಿ ಮಾತು! ನಿಜ ಬೇರೆಯೇ ಇತ್ತು. ಮೊದಲು ಕೊಟ್ಟ ಸರ್ಟಿಫಿಕೇಟ್ ಸುಳ್ಳು ಅಂತ ನನ್ನ ಕೈಯಲ್ಲೇ ಬರೆಸಿಕೊಂಡರೆ ಕೆಲಸ ಹೋಗುತ್ತದೆ, ರಿಟೈರ್ ಆಗಲು ಎರಡೇ ವರ್ಷ ಬಾಕಿ, ಪಿಂಚಣಿ ಹೋಗುತ್ತದೆ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಆ ಹೆದರಿಕೆಗೆ ಸತ್ಯ ಎಂದು ಹೆಸರಿಟ್ಟು ಎದ್ದು ಬಂದೆ. ಮುಕ್ತಾರ್ ಬಾಗಿಲು ಬಿಟ್ಟು ದಾರಿ ಮಾಡಿಕೊಟ್ಟ. ತವರದ ಕಪ್ಪು ಹತ್ತಿದ ಕೈ ಎತ್ತಿ ನಮಸ್ಕಾರ ಮಾಡಿದ.

ಮನೆಯಲ್ಲಿ ಗುಡ್ಡಮ್ಮ ಸುಮ್ಮನಿರಲಿಲ್ಲ. “ಬೇರೆ ಹೆಂಗಸು ಅಂದಿದ್ರೆ ನಿಮ್ಮ ಬಾಯಿ ಸೇದಿಹೋಗ್ತಿತ್ತಾ? ನಿಮ್ಮ ಸತ್ಯ ನೀವೇ ಬೇಯಿಸ್ಕೊಂಡು ತಿನ್ನಿ” ಎಂದು ತಾಟು ಕುಕ್ಕಿ ಎದ್ದುಹೋದಳು.

ಅರ್ಜಿ ವಜಾ ಆಯಿತು. ಇನ್ನು ವೀಸಾವೂ ಇಲ್ಲ ಅಂದರು. ಯುದ್ಧಕ್ಕೆ ನಿಂತುಹೋಗಿದ್ದ ಗಡಿಯ ರೈಲು ಎಪ್ಪತ್ತಾರರಲ್ಲಿ ಮತ್ತೆ ಶುರುವಾದದ್ದೇ ತಡ, ದೇಶ ಬಿಡಲು ದಿನ ಗೊತ್ತು ಮಾಡಿದರು. ಮಗಳು ಹತ್ತು ವರ್ಷದವಳು, ಇಲ್ಲಿಯ ಪ್ರಜೆ, ಅಪ್ಪನ ಹತ್ತಿರವೇ ಉಳಿಯಬೇಕು.

ಆ ದಿನ ಹೋಗದೇ ಇರಲಾಗಲಿಲ್ಲ. ನಕಲನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹೋದೆ. ಅದನ್ನು ಅವಳೆದುರೇ ಹರಿದು ಹಾಕಿ ಕ್ಷಮೆ ಕೇಳಬೇಕು ಅಂತಿತ್ತು. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ನಿಂತಿತ್ತು. ಅಫ್ಸರ್ ಅಮ್ಮನ ಬುರ್ಖಾದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಬಾಯಿಗೆ ಬಂದ ಹಾಗೆ ಬೈಯುತ್ತಾಳೆ ಅಂದುಕೊಂಡೇ ಹತ್ತಿರ ಹೋದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಮೇಷ್ಟ್ರೇ, ನೀವು ಏನೇನು ಬರ್ದಿದ್ರಿ ಅಂತ ಆ ಸಾಹೇಬ್ರು ಓದಿ ಹೇಳಿದ್ರು. ನನ್ನ ಬಗ್ಗೆ ಅಷ್ಟು ಒಳ್ಳೇದು ಯಾರೂ ಹೇಳಿಲ್ರೀ, ನಮ್ಮ ಅಪ್ಪನೂ ಹೇಳಿಲ್ಲ” ಅಂದಳು. “ಅದರದ್ದೊಂದು ನಕಲು ಇದ್ರೆ ಕೊಡ್ರೀ. ಅಲ್ಲಿ ನನ್ನ ಹತ್ರ ಇರ್ಲಿ.”

ಕೈ ಜೇಬಿನವರೆಗೆ ಹೋಯಿತು. ನನ್ನ ರುಜು ಇರುವ ಕಾಗದ ಗಡಿಯಲ್ಲಿ ಯಾರದೋ ಕೈಗೆ ಸಿಕ್ಕು, ಮತ್ತೆ ನನ್ನನ್ನು ಕರೆಸಿದರೆ?

“ಇಲ್ಲ ಕಣಮ್ಮ, ನಕಲು ಇಟ್ಟಿಲ್ಲ” ಅಂದೆ.

“ಹೋಗ್ಲಿ ಬಿಡಿ” ಎಂದು ಅವಳು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಸ್ಸು ಹತ್ತಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಡ್‌ಮಾಸ್ತರ್ ನಾನು, ಜೇಬಿನ ಮೇಲೆ ಕೈ ಇಟ್ಟುಕೊಂಡು ಅಲ್ಲೇ ನಿಂತಿದ್ದೆ.