ಆರಾಮ ಅನ್ನಬಾರದ ಪಡಸಾಲೆ

ಕೋರ್ಟಿನಿಂದ ಬಂದ ಮೇಲೂ ವಕೀಲಬಾಯಾರು ಕಪ್ಪು ಕೋಟನ್ನು ತೆಗೆಯುತ್ತಿರಲಿಲ್ಲ. ಅದರ ತೋಳುಗಳನ್ನು ಮೊಣಕೈ ತನಕ ಏರಿಸಿಕೊಳ್ಳುತ್ತಿದ್ದರು, ರೊಟ್ಟಿ ಬಡಿಯಲು ಕೂರುವವರ ಹಾಗೆ. ಬಲ ಮುಂಗೈ ಮೇಲೆ ಹಂಚು ತಾಗಿ ಸುಟ್ಟ ಕಲೆ ಅರ್ಧ ಬಳೆಯಂತೆ ಬಾಗಿತ್ತು. ಯಾರಾದರೂ ಅದನ್ನು ದಿಟ್ಟಿಸಿದರೆ, "ಕೇಸ್ ಸೋತಿದ್ದಕ್ಕ ಜಡ್ಜ್ ಸಾಹೇಬ್ರು ಬರಿ ಹಾಕ್ಯಾರ್ರಿ" ಎನ್ನುತ್ತಿದ್ದರು. ಬಂದವರು ನಕ್ಕರೆ ಅರ್ಧ ಕೆಲಸ ಮುಗಿದಂತೆ ಎಂದು ಅವರ ನಂಬಿಕೆ.

ಅನಗೋಳದ ಗಲ್ಲಿಯಲ್ಲಿ ಅವರದು ಒಂಟಿ ಸಂಸಾರ. ನಾನು ಬೆಳಗಾವಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ, ಅವರ ಎದುರು ಮನೆಯ ಮಹಡಿಯ ಮೇಲೆ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ನನ್ನ ಕಿಟಕಿಯಿಂದ ಅವರ ಪಡಸಾಲೆ ಕಾಣುತ್ತಿತ್ತು. ಸಂಜೆಯಾದರೆ ಅಲ್ಲಿ ಊರುಗೋಲಿನವರು, ಕಣ್ಣು ಕಾಣದವರು, ಮಾತು ಬಾರದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಬಂದು ಕೂರುತ್ತಿದ್ದರು. ಅಂಗವಿಕಲರ ಮಾಸಾಶನದ ಅರ್ಜಿ ತಿರಸ್ಕಾರವಾದವರು ಕೊನೆಗೆ ಬಾಯಾರ ಬಾಗಿಲಿಗೆ ಬರುವುದು ರೂಢಿಯಾಗಿತ್ತು.

ಆ ಪಡಸಾಲೆಯಲ್ಲಿ ಒಂದು ಕಟ್ಟಳೆ ಇತ್ತು. ಅಲ್ಲಿ ಯಾರೂ "ಆರಾಮ ಅದೀನಿ" ಎನ್ನುವ ಹಾಗಿಲ್ಲ. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು "ಆರಾಮ ಅದೀರಿ?" ಎಂದು ಕೇಳುವುದು, ಅವರು "ಆರಾಮ್ರಿ" ಎನ್ನುವುದು ಉಸಿರಾಟದಷ್ಟು ಸಹಜ. ಜ್ವರದಲ್ಲಿ ನಡುಗುತ್ತಿದ್ದರೂ ಉತ್ತರ ಬದಲಾಗುವುದಿಲ್ಲ. ಒಮ್ಮೆ ಊರಿನ ಕ್ಯಾಂಪ್ ಭಾಗದಿಂದ, ಕಾಲು ಕಳೆದುಕೊಂಡ ಮುದುಕರೊಬ್ಬರು ಬಂದು, ಕುಳಿತುಕೊಳ್ಳುವ ಮೊದಲೇ "ಸಬ್ ಠೀಕ್ ಐತ್ರಿ ಬಾಯಿ, ಅಲ್ಲಾನ ದಯಾ" ಎಂದರು.

"ಸಬ್ ಠೀಕ್ ಇದ್ರ ಇಲ್ಲೀ ತನಕ ಯಾಕ ಬಂದ್ರಿ ಚಾಚಾ? ಚಹಾ ಕುಡ್ಯಾಕ?"

"ಚಹಾ ಕೊಟ್ರ ಬ್ಯಾಡ ಅನ್ನಂಗಿಲ್ರಿ."

ಬಾಯಾರು ಚಹಾ ತಂದುಕೊಟ್ಟರು. ಆಮೇಲೆ ತಮ್ಮ ಎಂದಿನ ಪ್ರಶ್ನೆ ಕೇಳಿದರು: "ಈಗ ಹೇಳ್ರಿ, ಏನೇನು ಆಗಂಗಿಲ್ಲ?"

ನಾನು ಅವರ ಬಳಿ ಹೋದದ್ದು ಅವ್ವನಿಗಾಗಿ. ಅವ್ವ ಖಾನಾಪುರದಲ್ಲಿ ಹೊಲಿಗೆ ಮಾಡಿ ನನ್ನನ್ನು ಓದಿಸಿದವಳು. ಸಂಧಿವಾತದಿಂದ ಅವಳ ಬೆರಳುಗಳು ಒಂದೊಂದಾಗಿ ಸೊಟ್ಟಗಾಗಿ, ಸೂಜಿ ಹಿಡಿಯುವುದು ನಿಂತುಹೋಗಿತ್ತು. ಮಾಸಾಶನ ಬಂದರೆ ಬೆಳಗಿನ ಹೊತ್ತು ಒಬ್ಬ ಹೆಂಗಸನ್ನು ಸಹಾಯಕ್ಕೆ ಇಟ್ಟುಕೊಂಡು ತನ್ನ ಮನೆಯಲ್ಲೇ ಇರಬಹುದೆಂಬುದು ಅವಳ ಲೆಕ್ಕ. ಬಾರದಿದ್ದರೆ ನನ್ನ ಖೋಲಿಗೆ ಬರಬೇಕು, ಮೊಣಕಾಲು ನೋವಿಗೆ ಆ ಮಹಡಿಯ ಮೆಟ್ಟಿಲು ಹತ್ತಿದರೆ ಮತ್ತೆ ಇಳಿಯುವಂತಿಲ್ಲ. ನಾನು ಹಣ ಕಳಿಸುತ್ತೇನೆಂದರೆ ಒಪ್ಪಲಿಲ್ಲ. "ನನ್ನ ಹೆಸರಿಲೆ ಏನರ ಬರ್ಲಿ. ಮಗಳ ಮುಂದ ಕೈ ಒಡ್ಡೂದು ಬ್ಯಾಡ" ಎಂದಳು.

ಆದರೆ ವೈದ್ಯಕೀಯ ತಪಾಸಣೆಯಲ್ಲಿ ಅವಳ ಅಂಗವೈಕಲ್ಯ ಮಾಸಾಶನಕ್ಕೆ ಬೇಕಾದಷ್ಟಿಲ್ಲ ಎಂದು ಬಂತು. ನಾನು ಆ ಪ್ರಮಾಣಪತ್ರ ಹಿಡಿದುಕೊಂಡು ಎದುರು ಮನೆಗೆ ಹೋದೆ. ಬಾಯಾರು ಅದರ ಮೇಲೆ ಒಮ್ಮೆ ಕಣ್ಣಾಡಿಸಿ, ಮಡಚಿ, ನನಗೇ ವಾಪಸು ಕೊಟ್ಟರು. "ಇದು ಡಾಕ್ಟರ್ ನೋಡಿದ್ದು ತಂಗಿ. ಅವ್ವ ಏನು ತೋರ್ಸಿದ್ಲು, ಅದು ನನಗ ಬೇಕು. ಕರಕೊಂಡ ಬಾ."

ರವಿವಾರ ಅವ್ವ ಬಂದಳು. ಇಸ್ತ್ರಿ ಮಾಡಿದ ಸೀರೆ, ಎರಡೂ ಕೈಗೆ ಹಸಿರು ಬಳೆ.

"ಹಿಂಗ ಹೋಗಿದ್ರಿ ದವಾಖಾನಿಗೆ?"

"ಹೌದ್ರಿ. ದೊಡ್ಡ ಮಂದಿ ಕಡೆ ಹೋಗೂದಲ್ರಿ."

"ಕೈಗೆ ಏನು ಮಾಡಿದ್ರಿ?"

"ಬಿಸಿನೀರಾಗ ಬಾಳ ಹೊತ್ತ ಇಟ್ಟಿದ್ನಿರಿ. ಗುಳಗಿನೂ ನುಂಗಿದ್ದೆ. ಅಲ್ಲಿ ಹೋಗಿ ಕೈ ಬರಲಿಲ್ಲ ಅಂದ್ರ ಮಾನ ಹೋಗ್ತೈತಲ್ರಿ."

"ಡಾಕ್ಟರ್ ಏನಂದ್ರು?"

"ಹೆಂಗದೀರಿ ಅಂದ್ರು. ಆರಾಮ ಅದೀನ್ರಿ ಅಂದ್ನಿ. ಮುಷ್ಟಿ ಹಿಡೀರಿ ಅಂದ್ರು. ಜೀವಾ ಗಟ್ಟಿ ಮಾಡಿ ಹಿಡದ್ನಿ."

ಬಾಯಾರು ಹಣೆ ಬಡಿದುಕೊಳ್ಳಲಿಲ್ಲ, ನಗಲೂ ಇಲ್ಲ. "ಖರೇ ಅಂದ್ರ ನೀವು ಪರೀಕ್ಷಾದಾಗ ಪಾಸ್ ಆಗೀರಿ ಅಕ್ಕಾರ. ಅದಕ್ಕ ಹಿಂಗಾಗೇತಿ" ಎಂದರು. ನಂತರ ತಮ್ಮ ಎಂದಿನ ಪ್ರಶ್ನೆ ಕೇಳಿದರು.

ಅವ್ವ ಸೆರಗನ್ನು ಸರಿಮಾಡಿಕೊಂಡಳು. ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡುತ್ತ ಹೇಳತೊಡಗಿದಳು. ಹೆರಳು ಹಾಕಲು ಬಾಜು ಮನೆಯ ಸೊಸೆ ಬರುತ್ತಾಳೆ. ಸೀರೆಯ ನಿರಿಗೆಯೂ ಅವಳದೇ. ಅವ್ವನಿಗೆ ತಾಟು ಎತ್ತಲು ಬರುವುದಿಲ್ಲ, ನೆಲಕ್ಕಿಟ್ಟು ಬಾಗಿ ತಿನ್ನುತ್ತಾಳೆ. ಬೆಳಿಗ್ಗೆ ಬಾಗಿಲ ಅಗಳಿ ಸರಿಸಲಾಗುವುದಿಲ್ಲ. ಒಂದು ದಿನ ಆ ಸೊಸೆ ಹೊರಗೆ ನಿಂತು ಕೂಗುತ್ತಿದ್ದಳು, ಅವ್ವ ಒಳಗೆ ಅಗಳಿಯ ಮುಂದೆ ನಿಂತು, ಬೆರಳು ಬಿಸಿಯಾಗುವ ತನಕ ಕಾದಳು. "ಆವತ್ತಿನಿಂದ ಅಗಳಿ ಹಾಕದ ಬಾಗಿಲಾ ಬರೇ ಮುಂದ ಮಾಡಿ ಮಲಗ್ತೀನ್ರಿ."

ನಾನು ಪ್ರತಿದಿನ ಅವಳಿಗೆ ಫೋನು ಮಾಡುತ್ತಿದ್ದೆ. ಪ್ರತಿದಿನವೂ ಅವಳು ಆರಾಮವಾಗಿದ್ದಳು.

ಬಾಯಾರು ಮರುತಪಾಸಣೆಗೆ ಅರ್ಜಿ ಹಾಕಿದರು. ಹೊತ್ತೇರಿದಂತೆ ಕೈಗಳು ಸಡಿಲವಾಗುತ್ತವೆ, ಆದ್ದರಿಂದ ಬೆಳಗಿನ ಮೊದಲ ಸರದಿಯಲ್ಲೇ ನೋಡಬೇಕು ಎಂದು ಅದರಲ್ಲಿ ಬರೆದರು. ಅವ್ವನಿಗೆ ಹೇಳಿದ್ದು ಇಷ್ಟೇ: "ಸುಳ್ಳು ಹೇಳಬ್ಯಾಡ್ರಿ, ನರಳಬ್ಯಾಡ್ರಿ. ಬಿಸಿನೀರೂ ಬ್ಯಾಡ. ಹೆಂಗ ಏಳ್ತೀರಿ ಹಂಗ ಬರ್ರಿ." ಹಿಂದಿನ ರಾತ್ರಿ ಅವ್ವನನ್ನು ತಮ್ಮ ಪಡಸಾಲೆಯಲ್ಲೇ ಮಲಗಿಸಿಕೊಂಡರು, ನನ್ನ ಮೆಟ್ಟಿಲು ಹತ್ತುವುದು ಬೇಡವೆಂದು.

ಆ ದಿನ ಅವ್ವ ಬಳೆಯಿಲ್ಲದೆ, ಸಡಿಲ ತುರುಬಿನಲ್ಲಿ ವೈದ್ಯರ ಮುಂದೆ ಕುಳಿತಳು. ಬಾಯಾರೂ ನಾನೂ ಬಾಗಿಲ ಬಳಿ ನಿಂತಿದ್ದೆವು. "ಹೆಂಗದೀರಿ ಅಮ್ಮಾ?" ಎಂದು ವೈದ್ಯರು ಕೇಳಿದರು. ಅವ್ವನ ತುಟಿ ಹಳೆಯ ಅಭ್ಯಾಸಕ್ಕೆ ಆಗಲೇ ತೆರೆದಿತ್ತು. ಅವಳು ಬಾಯಾರ ಕಡೆ ತಿರುಗಿದಳು. ಬಾಯಾರು ಗೋಡೆ ನೋಡುತ್ತಿದ್ದರು. "ಆರಾಮಿಲ್ರಿ ಸಾಹೇಬ್ರ" ಎಂದಳು ಅವ್ವ. ಹೇಳಿದ ಮೇಲೆ, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ಅತ್ತುಬಿಟ್ಟಳು. ಹೊರಗೆ ಬಂದ ಮೇಲೆ ಬಾಯಾರು ತಮ್ಮ ಕರವಸ್ತ್ರದಿಂದ ಅವಳ ಮುಖ ಒರೆಸಿದರು. "ಬೈದ್ರೇನು? ಇಲ್ಲಲ್ಲ? ಬರ್ರಿ, ಇಡ್ಲಿ ತಿನ್ನೂಣು."

ಮಾಸಾಶನ ಮಂಜೂರಾಯಿತು. ಅವ್ವ ಖಾನಾಪುರದ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಕೆಲಸದ ಹೆಂಗಸು ಬಂದು ಬಾಗಿಲು ತೆಗೆಯುತ್ತಾಳೆ.

ಅದರ ಮರುವರ್ಷ ಬೇಸಿಗೆಯ ಹೊತ್ತಿಗೆ ಬಾಯಾರ ಪಡಸಾಲೆಗೆ ಬರುವವರು ಕಡಿಮೆಯಾದರು. ಹೊಸ ಕೇಸು ತೆಗೆದುಕೊಳ್ಳುತ್ತಿಲ್ಲ ಎಂದು ಯಾರೋ ಹೇಳಿದರು. ಆದರೂ ಅವರ ಬಾಗಿಲು ಮುಂಜಾನೆಯಿಂದ ತೆರೆದೇ ಇರುತ್ತಿತ್ತು. ಬರುವವರಿಗೆ ಸಂಕೋಚವಾಗದಿರಲಿ ಎಂದು ಹಾಗೆ ಇಟ್ಟಿದ್ದಾರೆ, ಅವರ ಸ್ವಭಾವವೇ ಅದು ಎಂದುಕೊಂಡಿದ್ದೆ. ಒಂದು ಸಂಜೆ ಅವ್ವ ಕಳಿಸಿದ ಗೋಡಂಬಿ ಕೊಡಲು ಹೋದೆ. ಬಾಯಾರು ಕುರ್ಚಿಯಲ್ಲೇ ಕುಳಿತಿದ್ದರು. ಅಂಥ ಸೆಕೆಯಲ್ಲೂ ಕೋಟಿನ ತೋಳು ಮಣಿಕಟ್ಟಿನ ತನಕ ಇಳಿದಿತ್ತು. ಅದನ್ನು ನಾನು ನೋಡಿದೆ. ನೋಡಿದ್ದು ಅವರಿಗೂ ತಿಳಿಯಿತು ಎಂದುಕೊಳ್ಳುತ್ತೇನೆ.

"ಆರಾಮ ಅದೀರಿ, ಬಾಯಾರ?"

"ಆರಾಮ ಅದೀನಿ ತಂಗಿ. ಅವ್ವಗ ಹೇಳು."

ಆ ಪಡಸಾಲೆಯಲ್ಲಿ ಆ ಮಾತನ್ನು ಉತ್ತರವಾಗಿ ನಾನು ಕೇಳಿದ್ದು ಅದೇ ಮೊದಲ ಬಾರಿ, ಅವರ ಬಾಯಿಂದಲೇ. ನನ್ನ ಖಾಸಗಿ ವಿಷಯಗಳನ್ನು ಯಾರೂ ಕೆದಕಬಾರದೆಂದು ಬಯಸುವವಳು ನಾನು. ಬೇರೆಯವರದನ್ನೂ ಕೆದಕುವುದಿಲ್ಲ. ಅದನ್ನು ಮರ್ಯಾದೆ ಎಂದೇ ತಿಳಿದಿದ್ದೆ. ಗೋಡಂಬಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬರುತ್ತೇನೆಂದು ಹೇಳಿ ಬಂದೆ.

ಮಳೆಗಾಲ ಹಿಡಿಯುವ ಮೊದಲೇ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ರಕ್ತದ ಕಾಯಿಲೆಯಂತೆ, ವರ್ಷಕ್ಕೂ ಮೇಲಾಗಿತ್ತಂತೆ. ಕೊನೆಯ ವಾರ ಹುಬ್ಬಳ್ಳಿಯಿಂದ ಅವರ ಅಕ್ಕ ಬಂದು ನೋಡಿಕೊಂಡಿದ್ದರು.

ಅವ್ವನನ್ನು ಕರೆದುಕೊಂಡು ಹೋದೆ. ಪಡಸಾಲೆ ತುಂಬ ಅವರ ಕಕ್ಷಿಗಾರರು. ಬಂದವರೆಲ್ಲ ಆ ಅಕ್ಕನ ಮುಂದೆ, ಎಂಥಾ ಮನಷ್ಯಾ, ದೇವರಂಥಾಕಿ ಎಂದು ಹೇಳಿ ಸರಿಯುತ್ತಿದ್ದರು. ನಾನೂ ಅಂಥದ್ದೇನೋ ಹೇಳಿದೆ. ಅವ್ವ ಆ ಅಕ್ಕನ ಪಕ್ಕದಲ್ಲಿ ಕಷ್ಟಪಟ್ಟು ಕುಳಿತು, ತನ್ನ ಸೊಟ್ಟ ಬೆರಳುಗಳನ್ನು ಅವರ ಕೈ ಮೇಲಿಟ್ಟಳು.

"ಕಡೀಕ ಅವ್ರಿಗೆ ಏನೇನು ಆಗ್ತಿದ್ದಿಲ್ರಿ ಅಕ್ಕಾರ?"

ಅಕ್ಕ ತಲೆಯೆತ್ತಿ ನೋಡಿದರು. ಬೆಳಗಿನಿಂದ ಅದನ್ನು ಯಾರೂ ಕೇಳಿರಲಿಲ್ಲ.

"ರೊಟ್ಟಿ ಬಡ್ಯಾಕ ಆಗ್ತಿದ್ದಿಲ್ಲಂತ್ರಿ. ಕೈತುಂಬ ಸೂಜಿ ಚುಚ್ಚಿ ಚುಚ್ಚಿ ಕಪ್ಪಾಗಿತ್ತು, ಕೋಟ್ ಹಾಕ್ಕೊಂಡ ಇರ್ತಿದ್ಲು. ಎದ್ದು ಬಾಗಲಾ ತೆಗ್ಯಾಕ ಆಗಂಗಿಲ್ಲಂತ, ರಾತ್ರಿ ಅಗಳಿ ಹಾಕದ ಮಲಗಿ, ಹಾಲಿನಾಂವ ಬಂದಾಗ ಅವನ ಕಡಿಂದ ತೆಗಿಸಿ ದಿನಾ ಹಂಗ ಬಿಡ್ತಿದ್ಲಂತ. ದವಾಖಾನ್ಯಾಗ ಹೇಳಿದ್ಲು. ಯಾರರ ನೋಡಾಕ ಒಳಗ ಬಂದಾರು ಅಂತ."

ಅವ್ವ ಅವರ ಕೈಯನ್ನು ಹಿಡಿದೇ ಕುಳಿತಳು. ನಾನು ಹಿಂತಿರುಗಿ ಬಾಗಿಲ ಕಡೆ ನೋಡಿದೆ. ಅದರಾಚೆ ಗಲ್ಲಿ, ಗಲ್ಲಿಯಾಚೆ ನನ್ನ ಮೆಟ್ಟಿಲು. ಆ ಬೇಸಿಗೆಯುದ್ದಕ್ಕೂ ದಿನಕ್ಕೆರಡು ಸಲ ನಾನು ಆ ತೆರೆದ ಬಾಗಿಲ ಮುಂದೆಯೇ ಹಾದುಹೋಗಿದ್ದೆ.