ಜೊಂಡಕ್ಕನ ನಾಲ್ಕು ಗಂಟು

ಜೊಂಡಕ್ಕನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುವುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ಆದರೂ ಆ ವಾರ ಸಾರಿದಷ್ಟು ಡಂಗುರವನ್ನು ಅವಳು ಹಿಂದೆಂದೂ ಸಾರಿರಲಿಲ್ಲ. ಹಾಲಿನವನಿಗೆ ಹೇಳಿದಳು, ಹೊಲಿಗೆಯವಳಿಗೆ ಹೇಳಿದಳು, ಬಸ್ಸಿಗೆ ಕಾಯುತ್ತಿದ್ದ, ಗುರುತು ಪರಿಚಯವಿಲ್ಲದ ಇಬ್ಬರನ್ನೂ ತಡೆದು ಹೇಳಿದಳು. ಒಂಬತ್ತು ವರ್ಷದ ಮೇಲೆ ಜೌಗಿನಲ್ಲಿ ಗುಳುಮುಳುಕ ಹಕ್ಕಿ ಗೂಡು ಕಟ್ಟಿದೆ, ನಾಲ್ಕು ಮೊಟ್ಟೆ ಇವೆ, ಕಣ್ಣಾರೆ ನೋಡಿ ಬಂದಿದ್ದೇನೆ. ಆ ಇಬ್ಬರಲ್ಲಿ ಒಬ್ಬ "ಹೌದಾ" ಎಂದು ಕೈಗಡಿಯಾರ ನೋಡಿಕೊಂಡ, ಇನ್ನೊಬ್ಬ ಬಸ್ಸು ಬಂತೆಂದು ಹತ್ತಿ ಹೋದ. ಅವರ ಮೇಲೆ ಅವಳಿಗೆ ಇವತ್ತಿಗೂ ಸಿಟ್ಟು. ಸಿಟ್ಟು ಬರಬೇಕಾದದ್ದೇ.

ಜೌಗೇನೂ ದೊಡ್ಡದಲ್ಲ. ಸುತ್ತು ಹಾಕಲು ಅರ್ಧ ಗಂಟೆ ಸಾಕು. ಒಂದು ಕಡೆ ತರಕಾರಿ ತೋಟಗಳು, ಇನ್ನೊಂದು ಕಡೆ ದನ ಮೇಯುವ ಬಯಲು, ಮತ್ತೊಂದು ಕಡೆ ಮಣ್ಣಿನ ಏರಿ, ಏರಿಯ ಮಗ್ಗುಲಿಗೆ ಒಂದು ಸಾಲು ಮನೆ. ಸಾಲಿನ ಕೊನೆಯ ಮನೆ ಜೊಂಡಕ್ಕನದು. ಮುಂಬಾಗಿಲು ತೆರೆದರೆ ರಸ್ತೆ ಮತ್ತು ಗಂಡನ ಸೈಕಲ್ ಅಂಗಡಿ, ಹಿಂಬಾಗಿಲು ತೆರೆದರೆ ಆಳೆತ್ತರದ ಜೊಂಡು. ಎರಡರ ನಡುವಿನ ಉದ್ದನೆಯ ಕೋಣೆಯಲ್ಲಿ ಅವಳು ಚಾಪೆ ನೇಯುತ್ತಾಳೆ. ಆ ಕೋಣೆಗೆ ಒಂದು ಬಾಗಿಲಿನಿಂದ ಸೈಕಲ್ ಎಣ್ಣೆಯ ವಾಸನೆ, ಇನ್ನೊಂದರಿಂದ ಕೆಸರಿನ ವಾಸನೆ. ಬಂದವರು ಮೂಗು ಮುಚ್ಚಿಕೊಂಡರೆ ಎರಡು ದಿನದಲ್ಲಿ ಅಭ್ಯಾಸವಾಗುತ್ತೆ ಅನ್ನುತ್ತಾಳೆ. ಎರಡು ದಿನ ಯಾರೂ ಇದ್ದು ನೋಡಿಲ್ಲ.

ಕಸುಬು ಅಪ್ಪನಿಂದ ಬಂದದ್ದು. ಎಂಟು ವರ್ಷಕ್ಕೆ ದೋಣಿಯಲ್ಲಿ ನಿಲ್ಲುವುದನ್ನು ಕಲಿತಳು, ಹನ್ನೆರಡಕ್ಕೆ ಕುಡುಗೋಲು ಹಿಡಿದಳು. ನೀರಿನ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಕೊಯ್ಯಬೇಕು, ಕೆಳಗೆ ಕೊಯ್ದರೆ ಬುಡಕ್ಕೆ ನೀರು ಹೊಕ್ಕು ಕೊಳೆಯುತ್ತದೆ. ಕೊಯ್ಯುವಾಗ ಜೊಂಡಿನ ನಡುವೆ ಹಕ್ಕಿಗೂಡು ಕಂಡರೆ ಕೈ ತಡೆದು, ಸುತ್ತ ನಾಲ್ಕು ಗೂಟ ನೆಟ್ಟು, ಗೂಡು ಹೊತ್ತ ಜೊಂಡನ್ನು ಹುರಿಯಿಂದ ಗೂಟಕ್ಕೆ ಬಿಗಿದು ಬಿಡಬೇಕು. ಹಾಗೆ ಬಿಗಿದದ್ದು ಗಾಳಿಗೆ ಬಾಗುವುದಿಲ್ಲ, ಇನ್ನೊಬ್ಬರ ಕುಡುಗೋಲೂ ಅದನ್ನು ಮುಟ್ಟುವುದಿಲ್ಲ. ಅಪ್ಪನ ಆ ಗಂಟಿಗೆ ನೀರು ತಾಗಿದರೆ ಇನ್ನಷ್ಟು ಬಿಗಿಯಾಗುತ್ತಿತ್ತೇ ಹೊರತು ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಈಗ ಅವಳಿಗೆ ಐವತ್ತನಾಲ್ಕು. ಕೈ ತಾನಾಗಿಯೇ ಆ ಗಂಟು ಹಾಕುತ್ತದೆ, ತಲೆಯನ್ನು ಕೇಳುವುದೇ ಇಲ್ಲ. ಮುಂದಿನ ಫಜೀತಿಗೆಲ್ಲ ಅದೇ ಮೂಲ.

ಇಂಥವಳಿಗೆ ಸಿಕ್ಕ ಗಂಡ ನೀರು ಕಂಡರೆ ಗಡಗಡ ನಡುಗುವವನು. ಸ್ನಾನದ ಬಕೆಟ್ಟು ತುಂಬಿದರೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾನೆ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅವನು ನಂಬುತ್ತಿದ್ದ ನೀರು ಒಂದೇ, ಪಂಕ್ಚರ್ ನೋಡುವ ತೊಟ್ಟಿಯ ನೀರು. ಅದು ಮೊಣಕೈ ದಾಟುವುದಿಲ್ಲ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ಹಿಂಬಾಗಿಲಿನ ಮೂರನೆಯ ಮೆಟ್ಟಿಲನ್ನು ಅವನು ಇಳಿದಿರಲಿಲ್ಲ. ಒಂಬತ್ತು ವರ್ಷದ ಹಿಂದೆ, ಗುಳುಮುಳುಕದ ಮರಿಗಳು ತಾಯಿಯ ಬೆನ್ನೇರಿ ಕೂತಿದ್ದ ದಿನ, ಜೊಂಡಕ್ಕ ಅಂಗಡಿಗೇ ಓಡಿಬಂದು ಕರೆದಿದ್ದಳು. "ಬನ್ರೀ, ಒಂದೇ ಒಂದು ಸಲ. ನಾನಿದ್ದೀನಲ್ಲ." ಅವನು ಪಂಪು ಒತ್ತುತ್ತಲೇ "ನಾಳೆ ನೋಡೋಣ" ಎಂದಿದ್ದ.

ಆ ನಾಳೆ ಬರಲೇ ಇಲ್ಲ. ಅದೇ ವರ್ಷ ಮೇಲಿನ ಕಾಲುವೆ ಒಡೆಯಿತು. ರಿಪೇರಿ ಇವತ್ತಾಗುತ್ತದೆ ನಾಳೆ ಆಗುತ್ತದೆ ಎನ್ನುವಷ್ಟರಲ್ಲಿ ಏಳು ವರ್ಷ ಕಳೆಯಿತು. ಜೌಗು ಬತ್ತಿ ಬಿರುಕುಬಿಟ್ಟಿತು, ಹಕ್ಕಿ ಹೋಯಿತು, ಅವಳು ಪಕ್ಕದೂರಿನಿಂದ ಜೊಂಡು ತರಿಸಿ ನೇಯ್ದಳು. ಗಂಡನನ್ನು ಮತ್ತೆಂದೂ ಕರೆಯಲಿಲ್ಲ. ಇಷ್ಟು ಮಾತಾಡುವ ಹೆಂಗಸು ಅದೊಂದು ಮಾತನ್ನು ಮಾತ್ರ ನುಂಗಿಕೊಂಡಿದ್ದಳು. ಅದು ಅವನಿಗೆ ಗೊತ್ತಿತ್ತು, ಚುಚ್ಚುತ್ತಲೂ ಇತ್ತು.

ಎರಡು ವರ್ಷದಿಂದ ಕಾಲುವೆಯ ನೀರು ಮತ್ತೆ ಜೌಗಿಗೆ ಬರುತ್ತಿದೆ. ಬೇಸಿಗೆಯ ಕೊನೆಗೆ ಒಂದು ದಿನ ಗೊತ್ತುಮಾಡಿ ತೂಬು ತೆಗೆಯುತ್ತಾರೆ. ತೆಗೆಯುವವನು ಜೊಂಡಕ್ಕನ ಸ್ವಂತ ತಮ್ಮ. ಹತ್ತು ಗಂಟೆ ಎಂದರೆ ಹತ್ತೇ ಗಂಟೆ, ಅದಕ್ಕೇ ಅವನಿಗೆ ಗಡಿಯಾರ ಎಂದು ಅಡ್ಡಹೆಸರು. ತೂಬು ತೆಗೆಯುವ ಮುಂಚಿನ ವಾರ ನೀರು ತೀರ ತಗ್ಗಿ, ಜೌಗಿನ ನಡುವೆ ಒಂದು ಹೊಂಡದಷ್ಟು ಉಳಿದು, ಸುತ್ತ ಬರೀ ಕೆಸರು ಇರುತ್ತದೆ. ಆ ವಾರ ಅವಳು ದೋಣಿಯನ್ನು ದಡಕ್ಕೆಳೆದು, ಬೋರಲು ಹಾಕಿ, ಹಳೆಯ ಹಲಗೆ ಬದಲಿಸುತ್ತಾಳೆ. ಈ ಸಲ ದೋಣಿ ಎಳೆಯುವ ಮುಂಚೆ ಕೊನೆಯ ಸಾರಿ ಹೊಂಡಕ್ಕೆ ಹೋದಾಗಲೇ ಗೂಡು ಕಂಡಿತ್ತು. ಕಣ್ಣಲ್ಲಿ ನೀರು ಬಂತು. ಗಾಳಿಯೂ ಜೋರಾಗಿತ್ತು. ಗೂಡು ಎಲ್ಲಿ ಕೊಚ್ಚಿಹೋಗುವುದೋ ಎಂಬ ಗಾಬರಿಯಲ್ಲಿ ನಾಲ್ಕು ಗೂಟ ನೆಟ್ಟು, ನಾಲ್ಕು ಗಂಟು ಬಿಗಿದು, ಡಂಗುರ ಸಾರಲು ಮನೆಗೆ ಬಂದಳು.

ತೂಬು ತೆಗೆಯುವ ದಿನ ಬೆಳಗ್ಗೆ ಅವಳು ಚಹಾ ಲೋಟ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಗಂಡ ಒಂದು ಸ್ಕೂಟರ್ ಟ್ಯೂಬಿಗೆ ಗಾಳಿ ತುಂಬಿ ತೊಟ್ಟಿಯಲ್ಲಿ ಅದುಮುತ್ತಿದ್ದ. ಅದುಮಿದಷ್ಟೂ ಟ್ಯೂಬು ಮೇಲೆ ಬರಲು ಒದ್ದಾಡುತ್ತಿತ್ತು. ಅವನು ಎರಡೂ ಕೈ ಹಾಕಿ ಬಿಗಿಯಾಗಿ ಒತ್ತಿದ. ನೀರು ಟ್ಯೂಬಿನ ಮೇಲೆ ಹರಿಯಿತು.

ಜೊಂಡಕ್ಕ ಚಹಾ ಲೋಟ ಕೆಳಗಿಟ್ಟು ಎದ್ದು ನಿಂತಳು.

ಗುಳುಮುಳುಕದ ಗೂಡು ಜೊಂಡಿನ ಮೇಲೆ ಕಟ್ಟಿದ್ದಲ್ಲ, ನೀರಿನ ಮೇಲೆ ತೇಲುವಂಥದ್ದು. ಪಾಚಿ, ಕೊಳೆತ ಎಲೆ ಒಟ್ಟಿದ ಒಂದು ಮೆತ್ತೆ. ನೀರು ಏರಿದರೆ ತಾನೂ ಏರುತ್ತದೆ. ಅದನ್ನು ಮಾತ್ರ ಕಟ್ಟಬಾರದು ಎಂದು ಅಪ್ಪ ನೂರು ಸಲ ಹೇಳಿದ್ದ. ಒಂಬತ್ತು ವರ್ಷ ಆ ಗೂಡನ್ನೇ ಕಾಣದ ತಲೆ ಅದನ್ನು ಮರೆತಿತ್ತು, ಕೈ ಮಾತ್ರ ಗಂಟನ್ನು ಮರೆತಿರಲಿಲ್ಲ. ಇವತ್ತು ನೀರು ಮೊಳದಷ್ಟು ಏರುತ್ತದೆ. ಗೂಡು ಏರುವುದಿಲ್ಲ.

"ರೀ, ನಾನೇ ಮುಳುಗಿಸಿಬಿಟ್ಟೆ" ಎಂದಳು.

"ಏನನ್ನ?"

ಅವಳು ಅದಾಗಲೇ ತಮ್ಮನಿಗೆ ಫೋನು ಹಚ್ಚಿದ್ದಳು. "ಲೋ, ತೂಬು ತೆಗೀಬೇಡ ಕಣೋ."

"ಆಗಲೇ ತೆಗೆದಾಯ್ತಲ್ಲಕ್ಕ. ಹತ್ತೂ ಎರಡು ನಿಮಿಷ ಈಗ."

"ಮುಚ್ಚು ಹಾಗಾದ್ರೆ."

"ಮೇಲಿನವರು ಹೇಳದೆ ಮುಚ್ಚೋ ಹಾಗಿಲ್ಲ. ತೋಟದವರು ನನ್ನ ಸುಮ್ನೆ ಬಿಡ್ತಾರಾ? ಏನಾಯ್ತು ಹೇಳು."

ಹೇಳಿದಳು. ತಮ್ಮ ಲೆಕ್ಕ ಹಾಕಿ ಹೇಳಿದ: "ಹೊಂಡದ ಹತ್ರ ನೀರು ಬರೋಕೆ ಮುಕ್ಕಾಲು ಗಂಟೆ. ನಾನು ಇಲ್ಲಿಂದ ದೋಣಿ ತಂದ್ರೂ ಒಂದು ಗಂಟೆ ಮೇಲಾಗುತ್ತೆ. ಬರ್ತೀನಿ, ಆದ್ರೆ ನನ್ನ ನಂಬ್ಕೊಂಡು ಕೂರಬೇಡ."

ಅವಳ ದೋಣಿ ದಡದಲ್ಲಿ ಬೋರಲಾಗಿ, ಎರಡು ಹಲಗೆ ಕಳಚಿಕೊಂಡು ಬಿದ್ದಿತ್ತು. ಕೆಸರಿಗೆ ಇಳಿದರೆ ಸೊಂಟದವರೆಗೆ ಹೂತು ಅಲ್ಲೇ ಗೂಟವಾಗಬೇಕು. ಉಳಿದದ್ದು ಅಪ್ಪನ ಕಾಲದ ಒಂದೇ ಉಪಾಯ, ಚಾಪೆ. ಕೆಸರಿನ ಮೇಲೆ ದಪ್ಪ ಚಾಪೆ ಹಾಸಿ ಅದರ ಮೇಲೆ ಮೊಣಕಾಲೂರಿ ಕೂರುವುದು, ಮುಂದೆ ಇನ್ನೊಂದು ಹಾಸುವುದು, ಅದಕ್ಕೆ ದಾಟುವುದು, ಹಿಂದಿನದನ್ನು ಕಿತ್ತು ಮತ್ತೆ ಮುಂದಕ್ಕೆ ಕೊಡುವುದು. ಗ್ರಂಥಾಲಯದವರಿಗೆಂದು ಎರಡು ತಿಂಗಳು ಕೂತು ನೇಯ್ದ ಜೋಡಿಹೆಣಿಗೆಯ ಚಾಪೆಗಳು ಕೋಣೆಯಲ್ಲಿ ಸುತ್ತಿಟ್ಟಿದ್ದವು. ಒಂದೂ ಯೋಚಿಸದೆ ಮೂರನ್ನು ಹೆಗಲಿಗೇರಿಸಿ ಹಿಂಬಾಗಿಲಿನಿಂದ ಕಾಲಿಗೆ ಬುದ್ಧಿ ಹೇಳಿದಳು.

ಮೊದಲ ನಾಲ್ಕು ಹಾಸು ಸಲೀಸಾಗಿ ಹೋಯಿತು. ಐದನೆಯದಕ್ಕೆ ಹಿಂದಿನ ಚಾಪೆಯನ್ನು ಕೆಸರು ಕಚ್ಚಿಕೊಂಡಿತು. ಒಬ್ಬಳೇ ಎಳೆದರೆ ತಾನು ಕೂತ ಚಾಪೆಯೇ ಜಾರುತ್ತದೆ. ಇದು ಇಬ್ಬರ ಕೆಲಸ. ಅಪ್ಪ ಮುಂದೆ, ತಾನು ಹಿಂದೆ, ಹಾಗೇ ಮಾಡುತ್ತಿದ್ದದ್ದು. ಅವಳಿಗೆ ಅಳು ಬಂತು. ತಿರುಗಿ ನೋಡಲಿಲ್ಲ, ಕರೆಯಲೂ ಇಲ್ಲ.

ಹಿಂದಿನಿಂದ ಪಚಕ್ ಎಂದು ಸದ್ದಾಯಿತು. ಚಾಪೆ ಸಡಿಲವಾಯಿತು.

ಗಂಡ ಉಳಿದ ಚಾಪೆಗಳನ್ನು ಹಾಸಿಕೊಂಡು ಬಂದಿದ್ದ. ಚಪ್ಪಲಿ ಇಲ್ಲ, ಪ್ಯಾಂಟು ತೊಡೆಯವರೆಗೆ ಮಡಚಿದೆ, ಮುಖ ಸುಣ್ಣದ ಗೋಡೆಯಂತೆ ಬಿಳಿಚಿದೆ. ಕಂಕುಳಿಗೆ ಅದೇ ಸ್ಕೂಟರ್ ಟ್ಯೂಬು ಸಿಕ್ಕಿಸಿಕೊಂಡಿದ್ದ. ಪಂಕ್ಚರ್ ಇನ್ನೂ ಹಾಕಿರಲಿಲ್ಲ, ಸುಸ್ ಎಂದು ಗಾಳಿ ಹೋಗುತ್ತಲೇ ಇತ್ತು.

"ನೀವು ಯಾಕ್ರೀ ಬಂದ್ರಿ?"

"ಮಾತು ಕಮ್ಮಿ ಮಾಡು. ಟ್ಯೂಬಲ್ಲಿ ಇನ್ನು ಕಾಲು ಗಂಟೆಗಾಗೋವಷ್ಟೇ ಗಾಳಿ ಇರೋದು."

ಆಮೇಲೆ ಹೋದದ್ದೇ ಹೋದದ್ದು. ಅವನು ಕಿತ್ತು ಕೊಡುವುದು, ಅವಳು ಹಾಸುವುದು, ಇಬ್ಬರೂ ದಾಟುವುದು. ಅವನು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ, ಹೆಂಡತಿಯ ಕೆಸರಾದ ಹಿಮ್ಮಡಿಯನ್ನೇ ನೋಡುತ್ತ ಬಂದ. ದನದ ಬಯಲಿನ ಕಡೆಯಿಂದ ಜೊಂಡು ಸರಸರ ಅಲುಗುವ ಸದ್ದು ಹತ್ತಿರವಾಗುತ್ತಿತ್ತು. ಗಾಳಿ ಇರಲಿಲ್ಲ. ಬರುತ್ತಿದ್ದದ್ದು ನೀರು. ತೆಳ್ಳಗೆ, ಕಂದು ಬಣ್ಣಕ್ಕೆ, ಮುಂದೆ ಕಸಕಡ್ಡಿ ತಳ್ಳಿಕೊಂಡು ಬಂದು ಚಾಪೆಯ ಅಂಚಿಗೆ ಹತ್ತಿತು. ಅವನ ಹಲ್ಲು ಕಟಕಟ ಎಂದಿತು. ಆದರೂ ಅವನು ನಿಲ್ಲಲಿಲ್ಲ.

ಹೊಂಡದ ಅಂಚಿಗೆ ಬಂದಾಗ ಗೂಡು ಕೈಯಳತೆಯಲ್ಲಿತ್ತು. ಸುತ್ತಲ ನೀರು ಅದರ ಅಂಚಿಗೆ ಸಮಸಮವಾಗಿ ನಿಂತಿತ್ತು. ಹುರಿಗಳು ನಾಲ್ಕೂ ಬಿಗಿದು, ಅದನ್ನು ಕದಲದಂತೆ ಹಿಡಿದಿದ್ದವು. ಜೊಂಡಕ್ಕ ಸೊಂಟಕ್ಕೆ ಕೈ ಹಾಕಿದಳು. ಕುಡುಗೋಲಿಲ್ಲ. ಮನೆಯ ಮೂಲೆಯಲ್ಲೇ ಬಿಟ್ಟು ಬಂದಿದ್ದಳು. ಗಂಟಿಗೆ ಉಗುರು ಹಾಕಿದಳು, ಹಲ್ಲು ಹಾಕಿದಳು. ಅಪ್ಪನ ಗಂಟು, ಅಷ್ಟಕ್ಕೆಲ್ಲ ಬಗ್ಗುವಂಥದ್ದಲ್ಲ.

"ಸರಿ ಪಕ್ಕಕ್ಕೆ" ಎಂದ ಗಂಡ. ಅಂಗಿಯ ಜೇಬಿನಿಂದ ಪ್ಯಾಚ್ ಕತ್ತರಿಸುವ ಪುಟ್ಟ ಚೂರಿ ತೆಗೆದ. ಇಪ್ಪತ್ತೊಂಬತ್ತು ವರ್ಷದಿಂದ ಪ್ರತಿ ಅಂಗಿಯ ಜೇಬನ್ನೂ ತೂತು ಮಾಡಿ ಅವಳಿಂದ ಬೈಸಿಕೊಂಡ ಚೂರಿ ಅದು.

ಒಂದು ಹುರಿ ಕತ್ತರಿಸಿದ. ಎರಡು. ಮೂರು. ನಾಲ್ಕನೆಯದು ಗೂಡಿನ ಅಡಿಗೆ ಸಿಕ್ಕಿಕೊಂಡು ಕಾಣುತ್ತಿರಲಿಲ್ಲ. ಅವನು ಚಾಪೆಯ ಮೇಲೆ ಬೋರಲು ಮಲಗಿದ. ಮೊಣಕೈ ನೀರಿಗಿಳಿಯಿತು, ತೋಳು ಇಳಿಯಿತು, ಹೆಗಲು ಇಳಿಯಿತು. ಕೆನ್ನೆ ನೀರಿಗೆ ತಾಗಿತು. ಅವನು ಕಣ್ಣು ಮುಚ್ಚಿಕೊಂಡ. ನೀರಿನೊಳಗೆ ಕಾಣದ ತೂತನ್ನು ಬೆರಳಲ್ಲೇ ಹುಡುಕುವುದು ಅವನಿಗೆ ದಿನನಿತ್ಯದ ಕೆಲಸ. ಆ ಬೆರಳುಗಳಿಗೆ ಭಯ ಗೊತ್ತಿರಲಿಲ್ಲ.

"ಸಿಕ್ತು" ಎಂದ.

ಗೂಡು ಒಮ್ಮೆ ಅಲುಗಿ, ನಾಲ್ಕು ಬೆರಳಷ್ಟು ಮೇಲೆದ್ದು, ತೇಲತೊಡಗಿತು. ಪಕ್ಕದ ಜೊಂಡನ್ನು ತಾನೇ ಹೆಣೆದು ಹಿಡಿದಿದ್ದರಿಂದ ಎಲ್ಲಿಗೂ ಹೋಗಲಿಲ್ಲ. ಅವಳ ಗಂಟಿನ ಅಗತ್ಯವೇ ಅದಕ್ಕೆ ಇರಲಿಲ್ಲ.

ಅವನು ತಲೆಯೆತ್ತಿ ಗೂಡಿನೊಳಗೆ ಇಣುಕಿದ. ಅವನ ಮುಖ ಬಾಡಿತು. "ಮೊಟ್ಟೆ ಇಲ್ವಲ್ಲೇ. ಬರೀ ಕಸ ಇದೆ."

"ತಾಯಿ ಹೊರಡೋವಾಗ ಹೊದಿಸಿ ಹೋಗುತ್ತೆ ರೀ. ಎಲೆ ಸರಿಸಿ, ಮೆಲ್ಲಗೆ."

ಎರಡು ಬೆರಳಿನಿಂದ ಸರಿಸಿದ. ಕೊಳೆತ ಎಲೆಯ ಕೆಳಗೆ ಮಾಸಲು ಬಿಳಿಯ ನಾಲ್ಕು ಮೊಟ್ಟೆಗಳು ನೆನೆಯದೆ ಹಾಗೇ ಇದ್ದವು. ಒಂದನ್ನು ಮುಟ್ಟಿದ. "ಬೆಚ್ಚಗಿದೆ" ಎಂದ. ಮತ್ತೆ ಹಾಗೇ ಹೊದಿಸಿದ. ಗಿರಾಕಿಯ ಹೊಸ ಸೈಕಲ್ಲನ್ನೂ ಅಷ್ಟು ಜೋಪಾನವಾಗಿ ಅವನು ಮುಟ್ಟಿದ್ದಿಲ್ಲ.

ಇಬ್ಬರೂ ಹತ್ತು ಮಾರು ಹಿಂದೆ ಸರಿದು, ತೇಲುತ್ತಿದ್ದ ಚಾಪೆಗಳ ಮೇಲೆ ಉಸಿರು ಬಿಗಿಹಿಡಿದು ಕೂತರು. ಹೊಂಡದ ಆಚೆ ಒಂದು ಪುಟ್ಟ ತಲೆ ಮೇಲೆ ಬಂತು, ಮುಳುಗಿತು, ಈಚೆ ಎದ್ದಿತು. ಗೂಡು ಹತ್ತಿ, ಕೊಕ್ಕಿನಿಂದ ಎಲೆಗಳನ್ನು ಅತ್ತಿತ್ತ ಸರಿಸಿ, ರೆಕ್ಕೆ ಕೊಡವಿ ಕೂತುಕೊಂಡಿತು. ಜೊಂಡಕ್ಕ ಗಂಡನ ಕೈ ಹಿಡಿದಳು. ಸಂತೋಷ ತಡೆಯಲಾಗದೆ ಹಿಡಿದದ್ದು, ಬೇರೇನಲ್ಲ.

"ಅವತ್ತು ನೀನು ಕರೆದಾಗಲೇ ಬರಬೇಕಿತ್ತು" ಎಂದ ಅವನು.

ಅವಳು ತಕ್ಷಣ ಏನೂ ಹೇಳಲಿಲ್ಲ. ಅದೇ ಆ ದಿನದ ದೊಡ್ಡ ಆಶ್ಚರ್ಯ. ಆಮೇಲೆ "ಈಗ ಬಂದ್ರಲ್ಲ. ಸುಮ್ನಿರಿ, ಹಕ್ಕಿ ಬೆದರುತ್ತೆ" ಎಂದಳು.

ಸ್ವಲ್ಪ ಹೊತ್ತಾದ ಮೇಲೆ ಅವನು, ಬಂದ ದಾರಿಯನ್ನು ನೋಡಲು ಮೊದಲ ಸಲ ಹಿಂದೆ ತಿರುಗಿದ. ಕೆಸರಿರಲಿಲ್ಲ. ಹಿಂಬಾಗಿಲಿನವರೆಗೂ ನೀರೇ ನೀರು. ಟ್ಯೂಬು ಕಂಕುಳಲ್ಲಿ ಚಪ್ಪಟೆಯಾಗಿ ಜೋಲುತ್ತಿತ್ತು.

ತಮ್ಮನ ದೋಣಿ ಬರುವವರೆಗಿನ ಇಪ್ಪತ್ತು ನಿಮಿಷದಲ್ಲಿ ಅವನು ಯಾವ ಯಾವ ದೇವರಿಗೆ ಏನೇನು ಒಪ್ಪಿಕೊಂಡ ಎನ್ನುವುದನ್ನು ಜೊಂಡಕ್ಕ ಯಾರಿಗೂ ಹೇಳಿಲ್ಲ. ಅವಳ ಬಾಯಲ್ಲಿ ನಿಂತಿರುವ ಗುಟ್ಟು ಅದೊಂದೇ. ಗ್ರಂಥಾಲಯದವರಿಗೆ ಚಾಪೆಗಳನ್ನು ಹೊಸದಾಗಿ ನೇಯ್ದು ಕೊಟ್ಟಳು, ತಡವಾಗಿ, ಕಥೆಸಮೇತ.

ಹದಿನಾರು ದಿನ ಕಳೆದ ಮೇಲೆ ಬೆಳಗ್ಗೆ ಚಾಪೆ ನೇಯುತ್ತಿದ್ದಾಗ ಅಂಗಡಿಯ ಬಾಗಿಲು ಎಳೆದು ಮುಚ್ಚುವ ಸದ್ದು ಕೇಳಿ ಅವಳು ತಲೆಯೆತ್ತಿದಳು. ಗಂಡ ಒಳಗೆ ಬಂದು, ಗೋಡೆಗೊರಗಿಸಿದ್ದ ದೋಣಿಯ ಹುಟ್ಟನ್ನು ತಾನೇ ಎತ್ತಿಕೊಂಡ.

"ಎಲ್ಲಿಗ್ರೀ?"

"ಇವತ್ತು ಮರಿ ಬೆನ್ನ ಮೇಲೆ ಹತ್ತಿರುತ್ತವೆ ಅಂದೆಯಲ್ಲ" ಎಂದ. "ನಾಳೆ ಬೇಡ. ಈಗಲೇ ಹೋಗೋಣ ಬಾ."